ಸೂರ್ಯನಿಗೆ ಥರ್ಮಾಮೀಟರ್ ಇಡೋದು ಹೇಗೆ?

ಒಲೆಯಿಂದ ದೂರ ಹೋದಷ್ಟೂ ಬಿಸಿ ಕಡಿಮೆ ಆಗ್ಬೇಕು ತಾನೆ? ಸೂರ್ಯನಲ್ಲಿ ಈ ಲೆಕ್ಕ ನಡೆಯಲ್ಲ. ನಮಗೆ ಕಾಣುವ ಮೇಲ್ಮೈ ಸುಮಾರು 5800 ಕೆಲ್ವಿನ್. ಅಲ್ಲಿಂದ 500 ಕಿಲೋಮೀಟರ್ ಮೇಲೆ ಹೋದರೆ 4400ರ ಆಸುಪಾಸಿಗೆ ಇಳಿಯುತ್ತದೆ. ಇಲ್ಲಿವರೆಗೆ ಓಕೆ. ಆಮೇಲೆ ಮತ್ತೆ ಏರೋಕೆ ಶುರು! ಈ ಏರುವ ಪದರವೇ ಕ್ರೋಮೋಸ್ಫಿಯರ್, ಅಂದ್ರೆ ವರ್ಣಗೋಳ. ಪೂರ್ಣ ಗ್ರಹಣದಲ್ಲಿ ಚಂದ್ರನ ಅಂಚಿಗೆ ಕೆಂಪು ಗೆರೆಯ ಹಾಗೆ ಕಾಣೋದು ಇದೇ. ಅದರ ಮೇಲಿನ ಕರೋನಾ ಹತ್ತು ಲಕ್ಷ ಕೆಲ್ವಿನ್ ಮುಟ್ಟುತ್ತದೆ. ಈ ಶಾಖ ಮೇಲಕ್ಕೆ ಹೇಗೆ ತಲುಪುತ್ತೆ ಅನ್ನೋದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಬಗೆಹರೀಬೇಕಂದ್ರೆ ಮೊದಲು ಯಾವ ಪದರದಲ್ಲಿ ಎಷ್ಟು ಬಿಸಿ ಅಂತ ಅಳೀಬೇಕು.

ಬೆಳಕಿನ ಸ್ಪೆಕ್ಟ್ರಮ್ ಗೆರೆಗಳಿಂದ ಅಳೆಯಬಹುದು, ಆದರೆ ಅದು ತಲೆನೋವಿನ ಕೆಲಸ. ಅಲ್ಲಿ ಅನಿಲ ತುಂಬ ತೆಳು, ಪರಮಾಣುಗಳ ಡಿಕ್ಕಿ ಕಡಿಮೆ. ಹಾಗಾಗಿ ಗೆರೆಯ ಹೊಳಪು ಅಲ್ಲಿನ ತಾಪಮಾನವನ್ನು ನೇರವಾಗಿ ಹೇಳಲ್ಲ.

ಮಿಲಿಮೀಟರ್ ರೇಡಿಯೋ ಅಲೆಗಳ ಕಥೆ ಬೇರೆ. ಸ್ವತಂತ್ರ ಎಲೆಕ್ಟ್ರಾನ್‌ಗಳು ಅಯಾನುಗಳ ಪಕ್ಕ ಹಾದು ದಾರಿ ಬಾಗಿದಾಗ ಇವು ಹುಟ್ಟುತ್ತವೆ, ಆದ್ದರಿಂದ ಎಲೆಕ್ಟ್ರಾನ್‌ಗಳ ತಾಪಮಾನವನ್ನೇ ಹೊತ್ತು ತರುತ್ತವೆ. ಫಸ್ಟ್ ಇಯರ್ ಫಿಸಿಕ್ಸ್‌ನ ಪ್ಲಾಂಕ್ ಸೂತ್ರ ನೆನಪಿದೆಯಾ? ಎಕ್ಸಾಮ್ ಮುಗಿದ ತಕ್ಷಣ ನಾವೆಲ್ಲ ಬಿಸಾಕಿದ್ದು, ಅದೇ! 100 ಗಿಗಾಹರ್ಟ್ಸ್ ಆವರ್ತನವನ್ನು ಪ್ಲಾಂಕ್ ಸ್ಥಿರಾಂಕದಿಂದ ಗುಣಿಸಿ, ಬೋಲ್ಟ್ಸ್‌ಮನ್ ಸ್ಥಿರಾಂಕದಿಂದ ಭಾಗಿಸಿ. ಬರೋದು 4.8 ಕೆಲ್ವಿನ್. ಸೂರ್ಯನ ಸಾವಿರಾರು ಕೆಲ್ವಿನ್ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಎಕ್ಸ್‌ಪೊನೆನ್ಷಿಯಲ್ ಮಾಯವಾಗಿ ರೇಲೀ-ಜೀನ್ಸ್ ಸೂತ್ರ ಉಳಿಯುತ್ತೆ: ತಾಪಮಾನ ಎರಡು ಪಟ್ಟಾದರೆ ಹೊಳಪೂ ಎರಡು ಪಟ್ಟು. ಪಕ್ಕಾ ಲೀನಿಯರ್ ಥರ್ಮಾಮೀಟರ್.

ಪದರ ಆರಿಸೋದು ಹೇಗೆ? ರೇಡಿಯೋ ಟ್ಯೂನ್ ಮಾಡಿದ ಹಾಗೆ. ಈ ಅನಿಲ ಅಲೆಗಳನ್ನು ಹೀರಿಕೊಳ್ಳುವುದು ಹೆಚ್ಚುಕಡಿಮೆ ತರಂಗಾಂತರದ ವರ್ಗದಂತೆ ಹೆಚ್ಚುತ್ತದೆ. ಉದ್ದ ಅಲೆಗೆ ಮೇಲಿನ ಪದರವೇ ಮಂಜಿನ ಹಾಗೆ ಅಡ್ಡ. ಗಿಡ್ಡ ಅಲೆ ಇನ್ನೂ ಆಳದಿಂದ ಹೊರಗೆ ಬರುತ್ತದೆ. ಚಿಲಿ ದೇಶದ ಅಟಕಾಮಾ ಮರುಭೂಮಿಯ ಅಲ್ಮಾ ದೂರದರ್ಶಕ ಶಾಂತ ಸೂರ್ಯನ ನಡುಭಾಗದಲ್ಲಿ ಅಳೆದದ್ದು 239 ಗಿಗಾಹರ್ಟ್ಸ್‌ಗೆ ಸುಮಾರು 5900 ಕೆಲ್ವಿನ್, 100 ಗಿಗಾಹರ್ಟ್ಸ್‌ಗೆ ಸುಮಾರು 7300. ಮೇಲೆ ಹೋದಷ್ಟೂ ಬಿಸಿ, ನೇರ ಸಾಕ್ಷಿ. ಇನ್ನೂ ಉದ್ದ ಅಲೆಗೆ ಹೋದರೆ ಕರೋನಾ ಸಿಗುತ್ತೆ. ನಮ್ಮ ಗೌರಿಬಿದನೂರಿನ ರೇಡಿಯೋಹೀಲಿಯೋಗ್ರಾಫ್ 1997ರಿಂದ ಮೆಗಾಹರ್ಟ್ಸ್ ಅಲೆಗಳಲ್ಲಿ ನೋಡ್ತಿರೋದು ಅದನ್ನೇ.

ಅಲ್ಮಾದ ಇಂಜಿನಿಯರಿಂಗೂ ಮಜವಾಗಿದೆ. ನೀರಾವಿ ಕಾಟ ಬೇಡ ಅಂತ 5000 ಮೀಟರ್ ಎತ್ತರದಲ್ಲಿ 66 ಆಂಟೆನಾ ಇಟ್ಟಿದ್ದಾರೆ. ನುಣುಪು ಡಿಶ್ ಸೂರ್ಯನ ಕಡೆ ತಿರುಗಿಸಿದರೆ ಫೋಕಸ್‌ನಲ್ಲಿರೋದೆಲ್ಲ ಸುಟ್ಟುಹೋಗುತ್ತೆ. ಅದಕ್ಕೆ ಇದರ ಮೇಲ್ಮೈ ಬೆಳಕನ್ನು ಚದುರಿಸುವಷ್ಟು ಒರಟು, ಮಿಲಿಮೀಟರ್ ಅಲೆಗೆ ಮಾತ್ರ ಕನ್ನಡಿ. ಇನ್ನೊಂದು ವಿಷಯ: ಆಂಟೆನಾಗಳನ್ನು ಜೋಡಿಸಿದಾಗ ಸಣ್ಣ ವಿವರ ಸಿಗುತ್ತೆ, ಒಟ್ಟು ಹೊಳಪು ಸಿಗಲ್ಲ. ಅದಕ್ಕಾಗಿ ಒಂಟಿ ಡಿಶ್ ಬೇರೆಯಾಗಿ ಇಡೀ ಸೂರ್ಯನನ್ನು ಸ್ಕ್ಯಾನ್ ಮಾಡುತ್ತೆ.

ಒಂದೇ ತೊಂದರೆ. ತಾಪಮಾನ ಖಚಿತ, ಅದು ಯಾವ ಎತ್ತರದ್ದು ಅನ್ನೋದು ಅಷ್ಟು ಖಚಿತ ಅಲ್ಲ. ಎಲೆಕ್ಟ್ರಾನ್ ಸಾಂದ್ರತೆ ಏರಿದರೆ ಮಂಜಿನ ಮಟ್ಟವೂ ಮೇಲೇರುತ್ತೆ. ಶಾಕ್ ಅಲೆ ಹಾದುಹೋದ ಮೇಲೂ ಹೈಡ್ರೋಜನ್ ನಿಮಿಷಗಟ್ಟಲೆ ಅಯಾನು ಸ್ಥಿತಿಯಲ್ಲೇ ಉಳಿಯೋದರಿಂದ ಸಾಂದ್ರತೆಯನ್ನು ತಾಪಮಾನದಿಂದ ಲೆಕ್ಕ ಹಾಕೋಕೂ ಆಗಲ್ಲ. ಅದಕ್ಕೇ ಅದೇ ಹೊತ್ತಿಗೆ ಐರಿಸ್ ಉಪಗ್ರಹದ ನೇರಳಾತೀತ ಗೆರೆಗಳನ್ನೂ ತಗೊಂಡು, ಎರಡಕ್ಕೂ ಒಪ್ಪುವ ಒಂದೇ ಮಾಡೆಲ್ ಹುಡುಕುತ್ತಾರೆ.