ಗದ್ದೆ ತಪ್ಪಿದವರು ಹತ್ತಿದ ಗುಡ್ಡ

ಇವತ್ತಿನ ಮಂಗಳೂರಿಗರಿಗೆ ಬಲ್ಮಠ ಎಂದರೆ ಜ್ಯೋತಿ ವೃತ್ತದ ಹತ್ತಿರದ ಏರುದಾರಿ, ಚಿನ್ನದಂಗಡಿಗಳು, ಬ್ಯಾಂಕುಗಳು, ಸಿಗ್ನಲ್ಲಿನಲ್ಲಿ ಉಸಿರುಗಟ್ಟಿ ನಿಂತ ಬಸ್ಸುಗಳು. ಬೆಳಗ್ಗೆ ಆ ಬಸ್ಸುಗಳಿಂದ ಇಳಿಯುವವರಲ್ಲಿ ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ಕಡೆಯ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಅಡಿಕೆ ತೋಟದ ಮನೆಯಿಂದ ಹೊರಟವರು, ಗದ್ದೆ ಹಡಿಲು ಬಿಟ್ಟ ಮನೆಯಿಂದ ಹೊರಟವರು. ಒಬ್ಬಳಿಗೆ ನರ್ಸಿಂಗ್, ಇನ್ನೊಬ್ಬನಿಗೆ ಲೆಕ್ಕಪತ್ರ, ಮತ್ತೊಬ್ಬಳಿಗೆ ಮೇಷ್ಟ್ರಿಕೆ. ಕೃಷಿಕರ ಮಕ್ಕಳು ಹೀಗೆ ಹತ್ತು ಕಸುಬುಗಳಿಗೆ ಹಂಚಿಹೋಗುವುದು ಕರಾವಳಿಯಲ್ಲಿ ಎಷ್ಟು ಮಾಮೂಲೆಂದರೆ, ಇದಕ್ಕೊಂದು ಆರಂಭ ಇದ್ದೀತೆಂದೇ ನಮಗೆ ತೋಚುವುದಿಲ್ಲ. ಆರಂಭಗಳು ಹಲವು ಇರಬಹುದು. ಅವುಗಳಲ್ಲಿ ತೀರಾ ಹಳೆಯದೊಂದು ಇದೇ ಗುಡ್ಡದ ಮೇಲಾಯಿತು. ಅದರ ಹಿಂದೆ ಇದ್ದದ್ದು ಮೇಲೆ ಬರಬೇಕೆಂಬ ಹಂಬಲಕ್ಕಿಂತ ಹೆಚ್ಚಾಗಿ ಒಕ್ಕಲು ಏಳಬೇಕಾಗಿ ಬಂದ ಸಂಕಟ.

1834ರ ಅಕ್ಟೋಬರ್ 30ರಂದು ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಸ್ಯಾಮುವೆಲ್ ಹೆಬಿಕ್, ಲೆನರ್, ಗ್ರೈನರ್. ಕಳಿಸಿದ್ದು 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಬಾಸೆಲ್ ಮಿಷನ್. ಈ ಮಿಷನ್ನಿನ ಬಗ್ಗೆ ಒಂದು ಸಂಗತಿ ನೆನಪಿಡಬೇಕು. ಅದು ತರಬೇತಿ ಕೊಟ್ಟು ಹೊರದೇಶಕ್ಕೆ ಕಳಿಸಿದವರಲ್ಲಿ ದೊಡ್ಡ ಪಾಲು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು; ಸಣ್ಣ ರೈತರ, ನೇಕಾರರ, ಬಡಗಿಗಳ ಮಕ್ಕಳು. ಅವರೂ ಒಂದು ಬಗೆಯಲ್ಲಿ ಹಳ್ಳಿ ಬಿಟ್ಟು ಬೇರೆ ಕೆಲಸ ಹಿಡಿದವರೇ. ಕೈಕೆಲಸ ಬಲ್ಲವನು ಭ್ರಷ್ಟನಾಗುವುದಿಲ್ಲ ಎಂಬ ನಂಬಿಕೆ ಅವರ ಧರ್ಮದಲ್ಲೇ ಬೆರೆತಿತ್ತು. ಎರಡು ತಲೆಮಾರು ಕಳೆದ ಮೇಲೂ ಆ ನಂಬಿಕೆ ಸಡಿಲವಾಗಲಿಲ್ಲ. ಇದೇ ಮಿಷನ್ನಿನ ಹರ್ಮನ್ ಗುಂಡರ್ಟ್ ಅವರ ಮೊಮ್ಮಗ, ಮುಂದೆ 1946ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ, ಹದಿಹರೆಯದಲ್ಲಿ ಓದು ಬಿಟ್ಟು ಕೂತಾಗ ಹೋಗಿ ಸೇರಿದ್ದು ಊರಿನ ಗೋಪುರ ಗಡಿಯಾರದ ಕಾರ್ಖಾನೆಗೆ, ಕೆಲಸ ಕಲಿಯಲು.

ಮಿಷನರಿಗಳು ಬಂದ ಕಾಲದ ತುಳುನಾಡು ನೆಮ್ಮದಿಯದ್ದಲ್ಲ. 1834ರಲ್ಲೇ ಕೊಡಗಿನ ರಾಜ್ಯ ಕಂಪನಿಯ ಪಾಲಾಗಿ, ಸುಳ್ಯ ಪುತ್ತೂರಿನ ಸೀಮೆ ದಕ್ಷಿಣ ಕನ್ನಡಕ್ಕೆ ಸೇರಿತು. ಬೆಳೆದದ್ದರಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರಿಗೆ ಈಗ ನಗದನ್ನೇ ಕಟ್ಟಬೇಕೆಂಬ ಆಜ್ಞೆ. ಸಾಲಗಾರರಾಗದೆ ನಗದು ಎಲ್ಲಿಂದ ತರುವುದು? 1837ರ ಏಪ್ರಿಲ್ 5ರಂದು ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳ್ತನದಲ್ಲಿ ಆ ಸೀಮೆಯ ರೈತರ ದಂಡು ಮಂಗಳೂರಿಗೆ ನುಗ್ಗಿ, ಬಲ್ಮಠಕ್ಕೆ ಕೂಗಳತೆಯ ಬಾವುಟಗುಡ್ಡೆಯ ಮೇಲೆ ತಮ್ಮ ಬಾವುಟ ಹಾರಿಸಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಸೇನೆ ಬಂತು, ನೇಣುಗಂಬ ಬಂತು. ನಗದಿನ ಕಂದಾಯ ಮಾತ್ರ ಉಳಿಯಿತು. ಮಣ್ಣನ್ನೇ ನಂಬಿ ಬದುಕುವುದು ಇನ್ನು ಮೊದಲಿನ ಹಾಗಿರುವುದಿಲ್ಲ ಎಂಬುದು ಆಗಲೇ ತೀರ್ಮಾನವಾಗಿತ್ತು ಎಂದು ನನಗನ್ನಿಸುತ್ತದೆ.

ಮೂರೇ ವರ್ಷದ ಮೇಲೆ, 1840ರ ಸುಮಾರಿಗೆ, ಬಲ್ಮಠದ ಗುಡ್ಡ ಮಿಷನ್ನಿನ ಕೈಗೆ ಬಂತು. ಕ್ರೈಸ್ತರಾದವರಲ್ಲಿ ಬಹಳ ಮಂದಿ ಮೂಲ್ಕಿ, ಉಡುಪಿ ಕಡೆಯ ಬಿಲ್ಲವರು. ಗೇಣಿಗೆ ಗದ್ದೆ, ಜೊತೆಗೆ ತೆಂಗು ತಾಳೆ ಹತ್ತಿ ಕಳ್ಳು ಇಳಿಸುವ ಮೂರ್ತೆಯ ಕೆಲಸ. ಮತ ಬದಲಾದೊಡನೆ ಎರಡೂ ಹೋದವು. ಚಾಲಗೇಣಿಯ ಒಕ್ಕಲನ್ನು ಧಣಿ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ದೈವದ ಚಾಕರಿ ಬಿಟ್ಟವನನ್ನು ಎಬ್ಬಿಸಲು ಕಾರಣ ಹುಡುಕಬೇಕಾಗಿರಲಿಲ್ಲ. ಇನ್ನು ಹೆಂಡದ ವ್ಯವಹಾರ ಪಾಪವೆಂದು ಪಾದ್ರಿಗಳೇ ಮೂರ್ತೆ ಬಿಡಿಸಿದರು. ಮತ ಬದಲಿಸಿದವರ ಆಸ್ತಿಹಕ್ಕು ಕಾಯುವ ಕಾನೂನು 1850ರಲ್ಲಿ ಬಂತು ನಿಜ. ಆದರೆ ಅಳಿಯಕಟ್ಟಿನ ಕುಟುಂಬದ ಆಸ್ತಿಯಲ್ಲಿ ಒಬ್ಬೊಬ್ಬರು ಪಾಲು ಕೇಳುವಂತೆಯೇ ಇರಲಿಲ್ಲ, ಅದಕ್ಕೆ 1949ರವರೆಗೆ ಕಾಯಬೇಕಾಯಿತು. ಆಸ್ತಿಯೇ ಇಲ್ಲದ ಗೇಣಿದಾರನಿಗಂತೂ ಆ ಕಾನೂನಿನಿಂದ ಆಗಬೇಕಾದದ್ದೇನು?

ಹೀಗೆ ಗಂಟುಮೂಟೆ ಕಟ್ಟಿ ಬಂದವರಿಗೆ ಅನ್ನದ ದಾರಿ ತೋರಿಸುವ ಹೊಣೆ ಮಿಷನ್ನಿನ ತಲೆಗೆ ಬಿತ್ತು. ಮೊದಲು ಹೊಳೆದದ್ದು ಬೇಸಾಯವೇ. ಜಾಗ ಕೊಟ್ಟು ಕೃಷಿ ಮಾಡಿಸಿ ನೋಡಿದರು. ಇಲ್ಲಿ ಅದು ಕೈ ಹತ್ತಲಿಲ್ಲ. ಗಡಿಯಾರ ರಿಪೇರಿ, ಮರಗೆಲಸ ಇವನ್ನೂ ಮುಟ್ಟಿ ಬಿಟ್ಟರು. ಬೇಸಾಯದ ಆಸೆ ಸ್ವಲ್ಪಮಟ್ಟಿಗೆ ನೆರವೇರಿದ್ದು ಕೊಡಗಿನಲ್ಲಿ. ಮಂಗಳೂರಿನ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಊರಿಗೆ ಊರೇ ಎದ್ದು ಕೂರುವಂತೆ ಮಾಡಿ, ಬಾಸೆಲ್ಲಿಗೆ ಹೋಗಿ ಓದಿ ಬಂದಿದ್ದರು. ಕೊಡಗಿನ ಸಿದ್ದಾಪುರದ ಬಳಿ ಜೀತದಿಂದ ಹೊರಬಂದ ಹೊಲೆಯ ಕುಟುಂಬಗಳಿಗಾಗಿ ಎದ್ದ ಆನಂದಪುರ ಅವರ ಹೆಸರಿನದೇ.

ಬಲ್ಮಠದಲ್ಲಿ ನಿಂತು ಬೆಳೆದ ಮೊದಲ ಕಸುಬು ಅಚ್ಚಿನದು. 1841ರಲ್ಲಿ ಕಲ್ಲಚ್ಚಿನ ಯಂತ್ರ ಬಂತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರು ಸಮಾಚಾರ’ ಆ ಯಂತ್ರದ್ದೇ ಕೂಸು; ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಕನ್ನಡದ ಮೊದಲ ಪತ್ರಿಕೆಯೆಂದು ಪ್ರತಿ ಜುಲೈ ಒಂದಕ್ಕೆ ನಾವು ಭಾಷಣ ಮಾಡುತ್ತೇವೆ, ಮೊಗ್ಲಿಂಗ್ ಪಟಕ್ಕೆ ಹಾರ ಹಾಕುತ್ತೇವೆ. ಕಲ್ಲಿನ ಮೇಲೆ ಅಕ್ಷರ ಮೂಡಿಸಿದವರು ಯಾರು, ಶಾಯಿ ಸವರಿದವರು ಯಾರು, ಹಾಳೆ ಎತ್ತಿ ಒಣಗಿಸಿದವರು ಯಾರು ಎಂದು ಆ ಭಾಷಣಗಳಲ್ಲಿ ಕೇಳಿದ್ದು ನೆನಪಿಲ್ಲ. ಪತ್ರಿಕೆ ಮರುವರ್ಷವೇ ಬಳ್ಳಾರಿಗೆ ಹೋಯಿತು, ಹೆಸರು ಬದಲಾಯಿತು, ನಿಂತಿತು. ಅದನ್ನು ಅಚ್ಚು ಹಾಕಿದ ಕೈಗಳು ಮಾತ್ರ ಇಲ್ಲೇ ಉಳಿದವು.

1850ರ ದಶಕದಲ್ಲಿ ಅಚ್ಚುಮೊಳೆಗಳು ಬಂದ ಮೇಲೆ ಕೆಲಸದ ಸ್ವರೂಪವೇ ಬದಲಾಯಿತು. ಮೊಳೆ ಜೋಡಿಸುವವನಿಗೆ ಓದು ಬರಬೇಕು, ಅದೂ ತಿರುಗುಮುರುಗಾಗಿ. ಒಂದು ಭಾಷೆ ಸಾಲದು. ಈ ಪ್ರೆಸ್ಸಿನಿಂದ 1872ರಲ್ಲಿ ಗುಂಡರ್ಟರ ಮಲಯಾಳಂ ನಿಘಂಟು ಹೊರಬಿತ್ತು, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು, 1894ರಲ್ಲಿ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು. ಕಿಟ್ಟೆಲ್ ಕೋಶ ಒಂದನ್ನೇ ತೆಗೆದುಕೊಳ್ಳಿ: ಸುಮಾರು 70,000 ಶಬ್ದ, 1,700ಕ್ಕೂ ಹೆಚ್ಚು ಪುಟ. ಸಾಲುಸಾಲಿನಲ್ಲೂ ಕನ್ನಡ ಅಕ್ಷರ, ಅದರ ಬೆನ್ನಿಗೆ ಮೇಲೆ ಕೆಳಗೆ ಚುಕ್ಕಿ ಗೆರೆ ಹೊತ್ತ ರೋಮನ್ ಅಕ್ಷರ. ಒಂದು ಚುಕ್ಕಿ ತಪ್ಪಿದರೆ ‘ಳ’ ಹೋಗಿ ‘ಲ’ ಆಯಿತು. ಅಜ್ಜ ನೇಗಿಲು ಹಿಡಿದ ಮನೆಯ ಮೊಮ್ಮಗ ಈ ಹದಕ್ಕೆ ಬಂದಿದ್ದ. ಕಿಟ್ಟೆಲ್ಲರ ಪಾಂಡಿತ್ಯವನ್ನು ಎಷ್ಟು ಹೊಗಳಿದರೂ ಕಡಿಮೆಯೇ, ಆದರೆ ಆ ಪುಸ್ತಕದಲ್ಲಿ ನನಗೆ ಅಷ್ಟೇ ದೊಡ್ಡದಾಗಿ ಕಾಣುವುದು ಹೆಸರಿಲ್ಲದ ಕಂಪೋಸಿಟರುಗಳ ಬೆರಳು. ತುಳುವನ್ನು ನಾವಿಂದು ಕನ್ನಡ ಲಿಪಿಯಲ್ಲಿ ಓದುವುದರ ಹಿಂದೆಯೂ ಇದೇ ಮೊಳೆಪೆಟ್ಟಿಗೆಗಳಿವೆ.

ಎರಡನೆಯದು ನೇಯ್ಗೆ. 1851ರಲ್ಲಿ ಬಂದ ಜಾನ್ ಹಾಲರ್ ಎಂಬ ನೇಯ್ಗೆ ಬಲ್ಲ ಮಿಷನರಿ, ಹಗ್ಗ ಎಳೆದರೆ ಲಾಳಿ ತಾನೇ ಓಡುವ ಯುರೋಪಿನ ಮಗ್ಗಗಳನ್ನು ಹೂಡಿದರು, ಬಣ್ಣ ಹಾಕುವ ಮನೆ ಕಟ್ಟಿದರು. ಖಾಕಿ ಹುಟ್ಟಿದ್ದೇ ಬಲ್ಮಠದಲ್ಲಿ ಎಂದು ಮಂಗಳೂರಿನಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಅದು ಸ್ವಲ್ಪ ಅತಿಯಾಯಿತು. ಪೇಶಾವರದ ಗೈಡ್ಸ್ ಪಡೆಯವರು 1840ರ ದಶಕದಲ್ಲೇ ಮಣ್ಣುಬಣ್ಣದ ಬಟ್ಟೆ ತೊಟ್ಟಿದ್ದರು. ಹಾಲರ್ ಮತ್ತು ಅವರ ಕೆಲಸಗಾರರದ್ದು ಬೇರೆ ಸಾಧನೆ: ಒಂದೇ ಹದದ ಬಣ್ಣದ ಬಟ್ಟೆಯನ್ನು ಕಾರ್ಖಾನೆಯಲ್ಲಿ ಥಾನುಗಟ್ಟಲೆ ತೆಗೆದು, ಪೊಲೀಸರಿಗೆ, ಸೈನಿಕರಿಗೆ ಒದಗುವಂತೆ ಮಾಡಿದ್ದು. ಹೆಮ್ಮೆಗೆ ಅಷ್ಟು ಸಾಕು.

ಹಂಚಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಲಂಬಿಸುವುದಿಲ್ಲ. ಪ್ರೆಸ್ಸು ನೋಡಿಕೊಳ್ಳುತ್ತಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬ ಯಂತ್ರಜ್ಞರೇ ನೇತ್ರಾವತಿ ದಂಡೆಯ ಜೇಡಿಮಣ್ಣಿನ ಗುಣ ಕಂಡು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಅಕ್ಷರದ ಅಚ್ಚಿನಿಂದ ಮಣ್ಣಿನ ಅಚ್ಚಿಗೆ. ಬಾಸೆಲ್ ಮಿಷನ್ ಹೆಸರೂ 1865 ಎಂಬ ಇಸವಿಯೂ ಒತ್ತಿರುವ ಹಂಚುಗಳು ಹಳೆಯ ಮನೆ ಕೆಡವುವಾಗ ಇವತ್ತಿಗೂ ಸಿಗುತ್ತವೆ. ಮುಳಿಹುಲ್ಲು, ಮಡಲು ಹೊದೆಸಿದ ಮನೆಗಳ ನಾಡಿಗೆ ಹೊಸ ಮಾಡು ಬಂತು. ಮಣ್ಣು ತುಳಿಯುವವರು, ಅಚ್ಚು ಒತ್ತುವವರು, ಹಸಿ ಹಂಚು ತಲೆಯ ಮೇಲೆ ಹೊತ್ತು ಸಾಗಿಸುವ ಹೆಂಗಸರು, ಗೂಡಿಗೆ ಬೆಂಕಿ ಕಾಯುವವರು, ಲೆಕ್ಕ ಬರೆಯುವ ರೈಟರು, ಹೀಗೆ ಒಂದೇ ಕಾರ್ಖಾನೆಯಲ್ಲಿ ಎಷ್ಟೋ ಕಸುಬು. ನೋಡಿ ಕಲಿತ ಇತರರೂ ಕಾರ್ಖಾನೆ ಹಾಕಿದರು. ನೇತ್ರಾವತಿ, ಗುರುಪುರ ನದಿಗಳ ದಂಡೆಯುದ್ದಕ್ಕೂ ಹೊಗೆಗೂಡುಗಳು ಎದ್ದವು. 1874ರಲ್ಲಿ ಯಂತ್ರಗಳ ವರ್ಕ್‌ಶಾಪೂ ಶುರುವಾಗಿ, ಕಬ್ಬಿಣ ಬಲ್ಲ ಮೇಸ್ತ್ರಿಗಳ ಇನ್ನೊಂದು ಪೀಳಿಗೆ ತಯಾರಾಯಿತು.

ಕೂಲಿಗಿಂತ ದೊಡ್ಡ ಬದಲಾವಣೆ ಒಂದಿತ್ತು. ಗೇಣಿಯ ಮನೆಯಲ್ಲಿ ಮಳೆ, ಧಣಿ, ಋಣ ಈ ಮೂರೇ ಲೆಕ್ಕ. ಇಲ್ಲಿ ಗಂಟೆ ಹೊಡೆದರೆ ಕೆಲಸ ಶುರು, ಗಂಟೆ ಹೊಡೆದರೆ ಮುಗಿಯಿತು, ಭಾನುವಾರ ರಜೆ, ನಗದು ಸಂಬಳ. ಮಕ್ಕಳಿಗೆ ಶಾಲೆ, ಹುಡುಗಿಯರಿಗೂ ಶಾಲೆ. ಅಪ್ಪ ಮಗ್ಗದಲ್ಲಿದ್ದರೆ ಮಗ ಪ್ರೆಸ್ಸಿಗೆ, ಮೊಮ್ಮಗ ಮಾಸ್ತರಿಕೆಗೆ ಅಥವಾ ಆಫೀಸಿಗೆ. ಜಾತಿ ನೋಡದೆ ಪಕ್ಕಪಕ್ಕದಲ್ಲಿ ನಿಂತು ದುಡಿಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಹಾಗೆಂದು ಇದನ್ನು ಬರೀ ಉಪಕಾರದ ಕಥೆಯಾಗಿ ಹೇಳಿದರೆ ಅರ್ಧ ಸತ್ಯವಾದೀತು. ಕೆಲಸ ಕೊಟ್ಟ ಧಣಿಯೂ ಉಪದೇಶ ಕೊಟ್ಟ ಗುರುವೂ ಒಬ್ಬನೇ ಆದಾಗ ಎದುರು ಮಾತಾಡುವುದು ಕಷ್ಟ. ಚರ್ಚಿನಲ್ಲಿ ತಪ್ಪಿದವನಿಗೆ ಕಾರ್ಖಾನೆಯಲ್ಲೂ ಅಂಜಿಕೆ. ವ್ಯಾಪಾರ ನೋಡಿಕೊಳ್ಳಲು 1859ರಲ್ಲಿ ಬಾಸೆಲ್ಲಿನಲ್ಲೇ ಒಂದು ಕಂಪನಿ ಹುಟ್ಟಿತ್ತು. ಮುಖ್ಯ ತೀರ್ಮಾನಗಳೆಲ್ಲ ಅಲ್ಲಿಯವು, ಕಾರ್ಖಾನೆಯ ಮೇಲಿನ ಕುರ್ಚಿಗಳು ಯುರೋಪಿನವರಿಗೆ. ನಮ್ಮವರು ಮೇಸ್ತ್ರಿಯವರೆಗೆ, ಹೆಚ್ಚೆಂದರೆ ಹೆಡ್ ರೈಟರ್‌ವರೆಗೆ. ಏಣಿ ಇತ್ತು, ಕೊನೆಯ ಮೆಟ್ಟಿಲುಗಳಿರಲಿಲ್ಲ. 1914ರಲ್ಲಿ ಮಹಾಯುದ್ಧ ಬಂದು ಜರ್ಮನ್ನರು ಶತ್ರುಗಳೆನಿಸಿಕೊಂಡು ಬಂಧನಕ್ಕೊಳಗಾದರು. ಯುದ್ಧ ಮುಗಿದ ಮೇಲೆ ನೇಯ್ಗೆ, ಹಂಚಿನ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಯಜಮಾನರು ಬದಲಾದರೂ ಕೆಲಸ ನಡೆಯಿತು, ಏಕೆಂದರೆ ಕೆಲಸ ಗೊತ್ತಿದ್ದವರು ಇಲ್ಲಿಯವರೇ. ಮುಂದೆ ಮಂಗಳೂರಿನ ಹಂಚಿನ ಕಾರ್ಮಿಕರು ಸಂಘ ಕಟ್ಟಿ ಹಕ್ಕು ಕೇಳಿದಾಗಲೂ, ಸಂಬಳ ಎಂಬುದು ದಯೆಯಲ್ಲ ಎಂದು ತಿಳಿದ ಮೂರು ತಲೆಮಾರಿನ ಅನುಭವ ಬೆನ್ನಿಗಿತ್ತು.

ಗುಡ್ಡದಲ್ಲಿ 1847ರಿಂದ ಬೇರುಬಿಟ್ಟ ಧರ್ಮಶಾಸ್ತ್ರದ ಶಾಲೆಯೂ ಪಾದ್ರಿಗಳನ್ನಷ್ಟೇ ತಯಾರು ಮಾಡಲಿಲ್ಲ. ಧಾರವಾಡದ ಚನ್ನಪ್ಪ ಉತ್ತಂಗಿಯವರು ಇಲ್ಲಿ ಓದಿ ಪಾದ್ರಿಯಾದರು, ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು, 1949ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬಂಟ್ವಾಳವೆಂಬ ಸಣ್ಣ ಪೇಟೆಯಿಂದ ಬಂದ ಪಂಜೆ ಮಂಗೇಶರಾಯರು ಕ್ರೈಸ್ತರಲ್ಲ, ಮಿಷನ್ನಿನ ಸಂಬಳದವರೂ ಅಲ್ಲ. ಆದರೆ ಮಿಷನ್ ಪ್ರೆಸ್ಸಿನ ಕನ್ನಡ ಪಾಠಪುಸ್ತಕಗಳಲ್ಲಿ ಅವರ ಕೈ ಇತ್ತು. ಮೇಷ್ಟ್ರು, ಶಾಲಾ ಇನ್ಸ್‌ಪೆಕ್ಟರ್, ಮಕ್ಕಳ ಕವಿ, 1934ರ ರಾಯಚೂರು ಸಮ್ಮೇಳನದ ಅಧ್ಯಕ್ಷ. ಗದ್ದೆ ಕಳೆದುಕೊಂಡವರಿಗೆಂದು ಎದ್ದ ಅಚ್ಚುಕೂಟ ಎಲ್ಲರಿಗೂ ಒದಗಿದ್ದು ಹೀಗೆ.

ಇತ್ತ ಹಳ್ಳಿಯಲ್ಲೇ ಉಳಿದ ಗೇಣಿದಾರರ ಪಾಡು ಬಹಳ ಕಾಲ ಹಾಗೇ ಇತ್ತು. 1974ರ ಭೂಸುಧಾರಣೆ ಬಂದ ಮೇಲೆ ಉಳುವವನು ಒಡೆಯನಾದ, ಮತ್ತು ದಕ್ಷಿಣ ಕನ್ನಡದಲ್ಲಿ ಅದು ಕಾಗದದ ಮೇಲಷ್ಟೇ ಉಳಿಯಲಿಲ್ಲ. ಸ್ವಂತದ ತುಂಡು ಭೂಮಿ ಸಿಕ್ಕಿದ ಮನೆಗಳು ಮಕ್ಕಳನ್ನು ಧೈರ್ಯವಾಗಿ ಓದಿಗೆ ಕಳಿಸಿದವು. ಬಸ್ಸಿನಿಂದಿಳಿಯುವ ಇಂದಿನ ಹುಡುಗಿಗೆ ಹಿಂದೆ ಮನೆಯಿದೆ, ತೋಟವಿದೆ. ಕೆಲಸ ಸಿಗದಿದ್ದರೆ ಹಿಂದಿರುಗಬಹುದು. 1840ರ ದಶಕದಲ್ಲಿ ಗುಡ್ಡ ಹತ್ತಿದವರಿಗೆ ಆ ಅನುಕೂಲ ಇರಲಿಲ್ಲ. ಆದರೂ ಅವರು ಬಿಡದ ಕೆಲವು ಇವೆ. ಮನೆಮಾತು ತುಳು, ಪ್ರಾರ್ಥನೆ ಕನ್ನಡದಲ್ಲಿ. ಹೆಸರಿನ ತುದಿಯಲ್ಲಿ ಬಂಗೇರ, ಕೋಟ್ಯಾನ್, ಸಾಲಿನ್ಸ್ ಎಂದು ಹಳೆಯ ‘ಬರಿ’ಯ, ಅಂದರೆ ತುಳುವರ ಕುಲದ, ಗುರುತು ಇವತ್ತಿಗೂ ಉಂಟು.

ಬೇಸಾಯವೂ ಪೂರ್ತಿ ಬಿಟ್ಟುಹೋಗಲಿಲ್ಲ. ಮೂಡುಬಿದಿರೆಯ ಬಳಿ ಬನ್ನಡ್ಕದಲ್ಲಿರುವ ಸೋನ್ಸ್ ಫಾರ್ಮ್ ಎಂದರೆ ಕರಾವಳಿಯವರಿಗೆ ಅನಾನಸು ನೆನಪಾಗುತ್ತದೆ. 1920ರ ದಶಕದಲ್ಲಿ ಒಂದು ಪ್ರೊಟೆಸ್ಟೆಂಟ್ ಕುಟುಂಬ ಗುಡ್ಡೆ ಜಾಗ ಹಿಡಿದು ಶುರು ಮಾಡಿದ ತೋಟ ಅದು. ಆ ಹೊತ್ತಿಗೆ ಅಂಥ ಮನೆಗಳ ವಿದ್ಯಾವಂತರಿಗೆ ಶಾಲೆ, ಆಫೀಸು, ಪ್ರೆಸ್ಸು ಎಲ್ಲವೂ ತೆರೆದಿದ್ದವು. ಮಿಷನ್ ಕೈಸೋತ ಕೆಲಸವನ್ನೇ ಅವರು ಹಿಡಿದರು, ಯಾರ ಗೇಣಿಗೂ ಅಲ್ಲ, ಹಲವು ಕಸುಬುಗಳಲ್ಲಿ ತಮಗೆ ಬೇಕಾದದ್ದೆಂದು ಆರಿಸಿಕೊಂಡು. ಹಣ್ಣು ಬೆಳೆದರು, ಅದರ ರಸ ತೆಗೆದು ಬಾಟಲಿಗೆ ತುಂಬಿ ಮಾರಿದರು, ನೋಡಲು ಬಂದ ರೈತರಿಗೆ ಗಿಡ ಕೊಟ್ಟರು.