ಎದೆ ಮೇಲಿನ ಬ್ಯಾಡ್ಜು ಏನು ಹೇಳುತ್ತೆ?

ತಮ್ಮನ ಕೈ ಮುರಿದಾಗ ದೊಡ್ಡಬಳ್ಳಾಪುರದಲ್ಲಿ ಎಕ್ಸ್‌ರೇ ತೆಗೆಸಿದೆವು. ಜೊತೆಗಿದ್ದ ಅಕ್ಕ ಬಸುರಿ ಅಂದ ಕೂಡಲೇ ಆಚೆ ಕಳಿಸಿದರು. ಎಕ್ಸ್‌ರೇ ತೆಗೆಯುವವರ ಎದೆ ಮೇಲೆ ಬ್ಯಾಡ್ಜು ಇತ್ತು. ಯಾಕೆ ಗೊತ್ತೇ?

ವಿಕಿರಣ ಕಣ್ಣಿಗೆ ಕಾಣಲ್ಲ, ಮೈಗೂ ತಿಳಿಯಲ್ಲ. ಬ್ಯಾಡ್ಜಿನೊಳಗಿನ ಬಿಲ್ಲೆ ಅದರ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಪ್ರಯೋಗಶಾಲೆಯಲ್ಲಿ ಬಿಸಿ ಮಾಡಿದರೆ ಬೆಳಕು ಬಿಡುತ್ತದೆ. ಬೆಳಕು ಹೆಚ್ಚಿದ್ದರೆ ಬಿದ್ದ ವಿಕಿರಣವೂ ಹೆಚ್ಚು.

ಇದರ ಅಳತೆ ಮಿಲಿಸೀವರ್ಟ್. ಮಣ್ಣು, ಬಂಡೆ, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಬೀಳುತ್ತದೆ. ಎದೆಯ ಒಂದು ಎಕ್ಸ್‌ರೇಗೆ 0.1 ಅಥವಾ ಇನ್ನೂ ಕಡಿಮೆ. ಮೈಗೆಲ್ಲ ಒಮ್ಮೆಲೇ 1000 ದಾಟಿದರೆ ವಾಂತಿ ಬರುತ್ತದೆ, ರಕ್ತಕಣ ಕುಗ್ಗುತ್ತವೆ. ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋದರೆ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚುತ್ತದೆ.

ಬ್ಯಾಡ್ಜಿಗೂ ಎಲ್ಲಾ ತಿಳಿಯಲ್ಲ. 2009ರ ನವೆಂಬರಿನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿಗೆ ಟ್ರಿಟಿಯಂ ಸೇರಿತ್ತು. ಅದು ಕೆಲಸಗಾರರ ಹೊಟ್ಟೆ ಸೇರಿದ್ದು ಮೂತ್ರ ಪರೀಕ್ಷೆಯಿಂದ ಗೊತ್ತಾಯಿತು.

ಬೇಕಾದಾಗ ಎಕ್ಸ್‌ರೇಗೆ ಹೆದರಬೇಡಿ. ಆದರೆ ಆ ಕೋಣೆಯಲ್ಲಿ ಸುಮ್ಮನೆ ನಿಲ್ಲಬೇಡಿ. ಹೊಟ್ಟೆಯಲ್ಲಿ ಬೆಳೆಯುವ ಮಗುವಿಗೆ ಅಪಾಯ ಹೆಚ್ಚು. ಬಸುರಿಯರು ಮೊದಲೇ ಹೇಳಬೇಕು. ಮನೆಯಲ್ಲೂ ತಿಳಿಸಿ.