‘ಅಮ್ಮ, ನಾನೇ ಬೋರೆನ್ ಮಾಡಿದೆ!’

ಮೂರನೇ ತರಗತಿಯ ಮಗಳು ಆ ಮಧ್ಯಾಹ್ನ ಮನೆಗೆ ಬಂದಾಗ ಜಾಕೆಟ್ಟಿನ ತುಂಬಾ ಮರದ ಹೊಟ್ಟು. ಕೈಯಲ್ಲೊಂದು ಹಕ್ಕಿಗೂಡಿನ ಪೆಟ್ಟಿಗೆ, ಅದರ ಮುಚ್ಚಳ ಸ್ವಲ್ಪ ಸೊಟ್ಟ. ಶೂ ಬಿಚ್ಚುವ ಮೊದಲೇ ಶುರುವಾಯಿತು: “ಅಮ್ಮ, ನಾನೇ ಸೇಗೆನ್ ಮಾಡಿದೆ, ಬೋರೆನ್ ಮಾಡಿದೆ, ಆಮೇಲೆ ಫೈಲೆನ್ ಮಾಡಿದೆ!”

ಕೊಯ್ದೆ, ಕೊರೆದೆ, ಉಜ್ಜಿದೆ. ಮೂರು ಕೆಲಸಕ್ಕೂ ಅವಳ ಬಳಿ ಇದ್ದ ಕನ್ನಡ ಪದ ಒಂದೇ, ‘ಮಾಡಿದೆ’.

ಶ್ವೀಬರ್ಡಿಂಗೆನ್‌ನಲ್ಲಿ ಬಾಷ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದ ನಮ್ಮಂಥ ಮನೆಗಳು ಕೆಲವಿವೆ. ಗ್ಲೆಮ್ಸ್ ಹೊಳೆಯ ಪಕ್ಕ ವಾಕಿಂಗ್ ಹೋದಾಗ ಸಿಕ್ಕರೆ ಮಾತು ತಿರುಗುವುದು ಇಲ್ಲಿಗೇ: ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಜರ್ಮನ್ ನುಗ್ಗುತ್ತದೆ. ಅದು ನುಗ್ಗುವುದು ಎಲ್ಲಿಂದ ಎಂದು ನನಗೆ ಕಂಡದ್ದು ಆ ಸೊಟ್ಟ ಮುಚ್ಚಳದ ದಿನ.

ಅವಳ ತರಗತಿ ಆ ಬೆಳಿಗ್ಗೆ ಹೋಗಿದ್ದು ಹತ್ತಿರದ ಒಂದು ಯೂಗೆಂಡ್‌ಫಾರ್ಮ್‌ಗೆ. ಹೊಸದಾಗಿ ಬಂದವರಿಗೆ ಹೇಳುವುದಾದರೆ, ಇದು ಮಕ್ಕಳದೇ ಒಂದು ಬಯಲು. ಮೇಕೆ, ಕುದುರೆ, ಕೋಳಿ, ಬೆಂಕಿ ಹಾಕುವ ಜಾಗ, ಹಲಗೆ ಬಡಿದು ಗುಡಿಸಲು ಕಟ್ಟುವ ಮೂಲೆ, ಬಡಗಿ ಶೆಡ್ ಎಲ್ಲ ಇರುತ್ತವೆ. ಮಧ್ಯಾಹ್ನ ಯಾವ ಮಗುವಾದರೂ ಬರಬಹುದು, ಬೆಳಗಿನ ಹೊತ್ತು ಶಾಲೆಗಳು ಇಡೀ ತರಗತಿಯನ್ನೇ ಕರೆತರುವುದುಂಟು. ಸ್ಟುಟ್‌ಗಾರ್ಟ್ ನಗರವೊಂದರಲ್ಲೇ ಇಂಥ ಜಾಗಗಳು 20ಕ್ಕೂ ಹೆಚ್ಚಿವೆ. ಇವುಗಳ ಒಕ್ಕೂಟವೂ ಅಲ್ಲಿಯದೇ, 1972ರಲ್ಲಿ ಶುರುವಾದದ್ದು. ಮೂಲ ಇನ್ನೂ ಹಿಂದಿನದು. ಯುದ್ಧದ ನಡುವೆ, 1943ರಲ್ಲಿ, ಕೋಪನ್‌ಹೇಗನ್‌ನ ಎಮ್‌ಡ್ರುಪ್‌ನಲ್ಲಿ ಸೊರೆನ್‌ಸೆನ್ ಎಂಬ ಉದ್ಯಾನ ವಿನ್ಯಾಸಕಾರರ ಯೋಚನೆಯಂತೆ ಮಕ್ಕಳಿಗೆ ಹಳೇ ಹಲಗೆ, ಮೊಳೆ, ಸುತ್ತಿಗೆ ಕೊಟ್ಟು ಆಡಲು ಬಿಟ್ಟರು.

ಹಕ್ಕಿ ಪೆಟ್ಟಿಗೆ ನೋಡಲು ಆಟ, ಒಳಗೆಲ್ಲ ಪಾಠ. ನೀಲಿ ಟೋಪಿಯ ಪುಟ್ಟ ಬ್ಲಾವ್‌ಮೈಸೆಗೆ ತೂತು 26ರಿಂದ 28 ಮಿಲಿಮೀಟರ್ ಇರಬೇಕು. ಕಪ್ಪು ತಲೆಯ ಕೋಲ್‌ಮೈಸೆಗೆ 32. ನಾಲ್ಕು ಮಿಲಿಮೀಟರ್ ಹೆಚ್ಚಾದರೆ ದೊಡ್ಡ ಹಕ್ಕಿ ಬಂದು ಚಿಕ್ಕದನ್ನು ಓಡಿಸುತ್ತದೆ. ಸ್ಕೇಲಿನ ಮೇಲಿನ ಆ ಸಣ್ಣ ಗೆರೆಗಳು ಏಕೆ ಮುಖ್ಯ ಎಂದು ನನ್ನ ಮಗಳಿಗೆ ನಾನು ಹೇಳಿಕೊಟ್ಟಿರಲಿಲ್ಲ. ಒಳಗಿನ ಹಲಗೆಯನ್ನು ನುಣುಪು ಮಾಡಬಾರದು, ಮರಿಗಳು ಕಾಲೂರಿ ಮೇಲೆ ಹತ್ತಬೇಕು. ಬಣ್ಣ ಒಳಗೆ ಬೇಡ. ತಳದಲ್ಲಿ ನೀರಿಳಿಯಲು ತೂತು ಬೇಕು. ಇದನ್ನೆಲ್ಲ ಅವಳು ನನಗೆ ಹೇಳಿದಳು, ಜರ್ಮನ್‌ನಲ್ಲಿ.

“ಕನ್ನಡದಲ್ಲಿ ಹೇಳು” ಎನ್ನಬೇಕೆಂದು ಬಾಯಿಗೆ ಬಂತು. ನುಂಗಿಕೊಂಡೆ. ಏಕೆಂದರೆ ಹಿಂದಿನ ರಾತ್ರಿ ನಾನೇ ಅವಳಿಗೆ ಹೇಳಿದ್ದೆ, “ಕ್ಯಾರೆಟ್ ಕಟ್ ಮಾಡಿ ವಾಷ್ ಮಾಡಿ ಮಿಕ್ಸ್ ಮಾಡು” ಅಂತ. ಹೆಚ್ಚು, ತೊಳೆ, ಕಲಸು ಎಲ್ಲಿ ಹೋದವು? ಮಕ್ಕಳು ಮೊದಲು ಕಳೆದುಕೊಳ್ಳುವುದು ಹೆಸರುಗಳನ್ನಲ್ಲ, ಕ್ರಿಯಾಪದಗಳನ್ನು, ಕಳೆದುಕೊಳ್ಳುವುದಕ್ಕೆ ದಾರಿ ತೋರಿಸುವವರು ನಾವೇ ಎಂದು ಈಗ ನನಗೆ ಅನಿಸುತ್ತದೆ. ಅಪಾರ್ಟ್‌ಮೆಂಟಿನಲ್ಲಿ ನಾವು ಕೊರೆಯುವುದೂ ಇಲ್ಲ, ಕೊಯ್ಯುವುದೂ ಇಲ್ಲ. ಕೈ ಮಾಡದ ಕೆಲಸದ ಪದ ಬಾಯಿಗೆ ಹೇಗೆ ಬಂದೀತು?

ಇದು ಇನ್ನಷ್ಟು ಬಿಗಿಯಾಗಲಿದೆ. 2026ರ ಆಗಸ್ಟ್‌ನಿಂದ ಜರ್ಮನಿಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ವಾರಕ್ಕೆ ಐದು ದಿನ, ದಿನಕ್ಕೆ 8 ಗಂಟೆ ಶಾಲೆ ಮತ್ತು ಆರೈಕೆ ಕಾನೂನಿನ ಹಕ್ಕು. 2029ರ ಹೊತ್ತಿಗೆ ಅದು ನಾಲ್ಕನೇ ತರಗತಿಯವರೆಗೂ ಬರುತ್ತದೆ. ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ನೆಮ್ಮದಿ, ನನಗೂ. ಆದರೆ ಕನ್ನಡದ ಪಾಲಿಗೆ ಉಳಿಯುವುದು ಊಟ, ಹಲ್ಲುಜ್ಜುವುದು, ನಿದ್ದೆ. ಮರ, ಹಕ್ಕಿ, ಅಳತೆ, ಬೆಂಕಿ ಎಲ್ಲ ಜರ್ಮನ್‌ನ ಪಾಲು.

ಹಾಗಾಗಿ ಆ ಶನಿವಾರ ಎರಡನೇ ಪೆಟ್ಟಿಗೆ ಮನೆಯಲ್ಲಿ ಮಾಡುವುದೆಂದಾಯಿತು. ಅವಳೇ ಮೇಷ್ಟ್ರು, ನಾನು ವಿದ್ಯಾರ್ಥಿ. ಹಲಗೆ, ಗರಗಸ ತಂದೆವು. ಪಕ್ಕದ ಮನೆಯ ಜರ್ಮನ್ ತಾತ ಕೈಯಲ್ಲಿ ತಿರುಗಿಸುವ ಹಳೇ ಡ್ರಿಲ್ ಕೊಟ್ಟರು. ಉಪಕರಣಗಳ ಹೆಸರು ನನಗೇ ಅರ್ಧ ಗೊತ್ತಿಲ್ಲ, ತೀರ್ಥಹಳ್ಳಿಗೆ ವಿಡಿಯೋ ಕಾಲ್ ಹೋಯಿತು.

“ಅಜ್ಜ, ಇದು ಏನು?”

“ಅದು ಅರ ಕಣೇ ಪುಟ್ಟಿ. ಗರಗಸದ ಹಲ್ಲು ಮೊಂಡಾದ್ರೆ ಅದ್ರಲ್ಲೇ ಉಜ್ಜೋದು.”

“ಇದು ಬೋರರ್!”

“ಬೈರಿಗೆ ಅನ್ನು. ನಮ್ಮ ಕಡೆ ಆಚಾರ್ರು ಹಗ್ಗ ಸುತ್ತಿ ಎಳೆದು ಕೊರೀತಿದ್ರು. ನೀನು ಎಷ್ಟು ದಪ್ಪ ಕೊರೀತೀಯ ಮಾರಾಯ್ತಿ?”

“ಮೂವತ್ತೆರಡು! ನಾಲ್ಕು ಜಾಸ್ತಿ ಆದ್ರೆ ದೊಡ್ಡ ಹಕ್ಕಿ ಬರುತ್ತೆ ಅಜ್ಜ.”

ಅಷ್ಟು ಉದ್ದದ ಮಾತು ಅಜ್ಜನ ಜೊತೆ ಅವಳು ಆಡಿದ್ದು ಅದೇ ಮೊದಲು. ಸಾಮಾನ್ಯವಾಗಿ “ಊಟ ಆಯ್ತಾ”, “ಆಯ್ತು” ಅಷ್ಟೇ. ಅವತ್ತು ಅಜ್ಜನಿಗೆ ಗೊತ್ತಿಲ್ಲದ್ದು ಅವಳ ಬಳಿ ಇತ್ತು, ಅವಳಿಗೆ ಬೇಕಾದ ಪದ ಅಜ್ಜನ ಬಳಿ ಇತ್ತು. ನಾನು ನಡುವೆ ಬಾಯಿ ಹಾಕಲಿಲ್ಲ, ಒಂದು ಕೆಲಸ ಮಾತ್ರ ಮಾಡಿದೆ. ಅವಳು “ಬೋರೆನ್ ಮಾಡ್ತೀನಿ” ಎಂದಾಗ ತಿದ್ದದೆ, “ಓ, ನೀನೇ ಕೊರೀತೀಯಾ? ಕೊರಿ, ನಾನು ಹಿಡ್ಕೋತೀನಿ” ಎಂದೆ. ಮೂರನೆಯ ತೂತಿಗೆ ‘ಕೊರೆದೆ’ ಬಂತು. ‘ಉಜ್ಜಿದೆ’ ಇನ್ನೂ ಬಂದಿಲ್ಲ.

ಊರಿನಲ್ಲಿ ಇದು ಹೊಸದೇನಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ಪ್ರಯೋಗ ಮಾಡಿದ್ದರು. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ನಾವು ಮಾತ್ರ ವಿದೇಶಕ್ಕೆ ಬಂದ ಮೇಲೆ ಕನ್ನಡವನ್ನು ಅಕ್ಷರಮಾಲೆಯ ಪುಸ್ತಕಕ್ಕೆ ಕಟ್ಟಿಹಾಕಿದ್ದೇವೆ.

ನಿಮ್ಮ ಮಗುವೂ ಶಾಲೆಯಿಂದ ಏನಾದರೂ ಮಾಡಿಕೊಂಡು ತಂದರೆ, ಕಪಾಟಿನ ಮೇಲಿಡುವ ಮೊದಲು ಇನ್ನೊಂದನ್ನು ನಿಮಗೆ ಕಲಿಸಿಕೊಡಲು ಹೇಳಿ. ಬ್ರೆಡ್ ಆದರೆ ನಾದಿ, ತಟ್ಟಿ, ಬೇಯಿಸಿ. ತರಕಾರಿ ಗಿಡವಾದರೆ ಅಗೆದು, ನೆಟ್ಟು, ಮಣ್ಣು ಏರಿಸಿ. ಪದ ಮರೆತಿದ್ದರೆ ನಾಚಿಕೆ ಬೇಡ, ಫೋನ್ ಮಾಡಲು ಅದೇ ಒಳ್ಳೆಯ ನೆಪ.

ನಮ್ಮ ಎರಡನೇ ಪೆಟ್ಟಿಗೆಯ ಮುಚ್ಚಳವೂ ಸೊಟ್ಟ. ಮನೆ ಮಾಲೀಕರನ್ನು ಕೇಳಿ, ಹಿತ್ತಲ ಸೇಬಿನ ಮರಕ್ಕೆ ಎರಡೂವರೆ ಮೀಟರ್ ಎತ್ತರದಲ್ಲಿ ಪೂರ್ವಕ್ಕೆ ಮುಖ ಮಾಡಿ ತೂಗುಹಾಕಿದ್ದೇವೆ. ಕೋಲ್‌ಮೈಸೆಗೆ ಕನ್ನಡದಲ್ಲಿ ಏನನ್ನುವುದೆಂದು ಅಜ್ಜನಿಗೂ ಹೊಳೆಯಲಿಲ್ಲ. ಪಕ್ಕದ ಮನೆಯ ಮೇಷ್ಟ್ರನ್ನು ಕೇಳಿ ಭಾನುವಾರ ಹೇಳುತ್ತಾರಂತೆ.